ಮಾತು ಹೋದವರನ್ನೂ ಭಜನೆಗೆ ಕರೆಯಿರಿ



ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಲೋಕಲ್‌ನಲ್ಲಿ ಸೀಟು ಸಿಕ್ಕಾಗ ಓದಿ, ಇಲ್ಲವೇ ರಾತ್ರಿ ಊಟ ಆದ ಮೇಲೆ ಮನೆಮಂದಿಯ ಎದುರು ಗಟ್ಟಿಯಾಗಿ ಓದಿ. ಪಾರ್ಶ್ವವಾಯು ಆದವರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರ ವಿಷಯವನ್ನು ಅವರ ಎದುರಿಗೇ, ಅವರು ಅಲ್ಲಿ ಇಲ್ಲವೇನೋ ಎಂಬಂತೆ ಮಾತಾಡುವುದು ನಮ್ಮಲ್ಲಿ ಬಹಳ ಇದೆ. ಇಂದಿನ ವಿಷಯವೇ ಅದು.

ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲ್ ಕಡೆ ನೆಲೆಸಿದ ನಮ್ಮ ಮೊದಲ ತಲೆಮಾರಿನವರಿಗೆ ಈಗ ಅರವತ್ತು, ಎಪ್ಪತ್ತು ದಾಟಿದೆ. ಹೋಟೆಲಿನ ಗಲ್ಲಾದ ಮೇಲೆ ಕೂತವರು, ಬ್ಯಾಂಕಿನಲ್ಲಿ ದುಡಿದವರು, ಮಿಲ್ಲು, ರೈಲ್ವೆ, ಶಾಲೆ ಎಂದು ಜೀವನ ತೇಯ್ದವರು. ಬಿಪಿ, ಶುಗರ್ ಜೊತೆಯಲ್ಲೇ ಬಂದಿವೆ. ಒಂದು ದಿನ ಸ್ಟ್ರೋಕ್ ಆಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಫಿಸಿಯೋಥೆರಪಿ ನಡೆಯುತ್ತದೆ. ಕಾಲು ಸ್ವಲ್ಪ ಎಳೆಯುತ್ತದೆ, ಆದರೂ ಮೂರು ನಾಲ್ಕು ತಿಂಗಳಲ್ಲಿ ಸೊಸೈಟಿಯ ಗೇಟಿನವರೆಗೆ ನಡೆಯುತ್ತಾರೆ. ಮಾತು ಮಾತ್ರ ಹಿಂದಿನಂತೆ ಬರುವುದಿಲ್ಲ.

ಮೊದಲ ತಿಂಗಳು ಹಣ್ಣು ಹಿಡಿದುಕೊಂಡು ಬರುವವರು ಬಹಳ. ಆಮೇಲೆ ಕಡಿಮೆಯಾಗುತ್ತಾರೆ. ಸಂಘದ ಕಾರ್ಯಕ್ರಮದ ಆಮಂತ್ರಣ ಬರುತ್ತದೆ, ಆದರೆ ‘ಬನ್ನಿ’ ಎಂದು ಫೋನ್ ಮಾಡುವವರಿಲ್ಲ. ‘ಪಾಪ, ಮಾತು ಬರೋದಿಲ್ಲ, ಕರೆದು ಯಾಕೆ ತೊಂದರೆ ಕೊಡೋದು’ ಎಂಬ ಕರುಣೆಯೇ ಇದರ ಹಿಂದಿರುವುದು. ಆ ಕರುಣೆ ಬಾಗಿಲು ಮುಚ್ಚುತ್ತದೆ. ನಲವತ್ತು ವರ್ಷ ಭಜನಾ ಮಂಡಳಿಯಲ್ಲಿ ತಾಳ ಹಿಡಿದವರು ಟಿವಿ ಎದುರಿನ ಕುರ್ಚಿಗೆ ಸೀಮಿತರಾಗುತ್ತಾರೆ.

*ಇದರ ಹೆಸರು ಅಫೇಸಿಯಾ*

ಮರಾಠಿಯಲ್ಲಿ ಇದಕ್ಕೆ ವಾಚಾಘಾತ ಎನ್ನುತ್ತಾರೆ. ನಮ್ಮ ಕಡೆ ‘ಮಾತು ಬಿದ್ದುಹೋಗಿದೆ’ ಎಂದು ಹೇಳಿ ಸುಮ್ಮನಾಗುತ್ತೇವೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಫೇಸಿಯಾ ಬರುತ್ತದೆ. ತಲೆಗೆ ಪೆಟ್ಟು ಬಿದ್ದು, ಮೆದುಳಿನಲ್ಲಿ ಗಡ್ಡೆಯಾಗಿ ಬರುವುದೂ ಉಂಟು. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿ ರಕ್ತ ನಿಂತರೆ ಭಾಷೆಗೆ ಏಟು ಬೀಳುತ್ತದೆ. ಅದೇ ಎಡಭಾಗ ಬಲಗೈ ಬಲಗಾಲನ್ನೂ ನಡೆಸುವುದರಿಂದ ಬಲಗೈ ಸೋಲು ಮತ್ತು ಮಾತಿನ ತೊಂದರೆ ಜೊತೆಯಾಗಿ ಕಾಣುವುದು ಜಾಸ್ತಿ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯ ವಿಷಯ ವರದಿ ಮಾಡಿದ. ಆ ರೋಗಿ ಏನು ಕೇಳಿದರೂ ‘ತಾನ್’ ಎಂಬ ಒಂದೇ ಸದ್ದು ಮಾಡುತ್ತಿದ್ದ. ಆದರೆ ಬೇರೆಯವರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಎಡಮೆದುಳಿನ ಮುಂಭಾಗಕ್ಕೂ ಮಾತಿಗೂ ನಂಟಿದೆ ಎಂದು ವೈದ್ಯಲೋಕ ಒಪ್ಪಿದ್ದು ಅಲ್ಲಿಂದ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದ. ಇಂಥವರ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಪದಗಳು ಎಲ್ಲೆಲ್ಲಿಯದೋ, ಕೇಳಿದ್ದೂ ಸರಿಯಾಗಿ ತಿಳಿಯುವುದಿಲ್ಲ. ಈ ಎರಡನೇ ಬಗೆಯವರನ್ನು ಕಂಡು ಮನೆಯವರು ‘ತಲೆ ಕೆಟ್ಟಿದೆ’ ಎಂದುಕೊಳ್ಳುವುದುಂಟು. ತಲೆ ಕೆಟ್ಟಿಲ್ಲ. ಪರಿಚಯದವರ ಹೆಸರು ನಾಲಿಗೆ ತುದಿಯಲ್ಲಿದ್ದು ಬಾಯಿಗೆ ಬಾರದೆ ನಾವು ಒದ್ದಾಡುತ್ತೇವಲ್ಲ, ಅಫೇಸಿಯಾ ಇದ್ದವರಿಗೆ ಬೆಳಗಿನಿಂದ ರಾತ್ರಿಯವರೆಗೆ, ಉಪ್ಪು, ನೀರು, ಮಗನ ಹೆಸರು, ಎಲ್ಲದರಲ್ಲೂ ಹಾಗೆ.

ಹಾಗಾಗಿ ‘ಅವನು’ ಎನ್ನುವಲ್ಲಿ ‘ಅವಳು’ ಬರಬಹುದು. ಮಗನನ್ನು ತಮ್ಮನ ಹೆಸರಿನಿಂದ ಕರೆಯಬಹುದು. ‘ಹೌದು’ ಎನ್ನಬೇಕಾದಲ್ಲಿ ‘ಅಲ್ಲ’ ಬರಬಹುದು. ಓದು, ಬರಹಕ್ಕೂ ಸಾಮಾನ್ಯವಾಗಿ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ‘ಬಾಯಲ್ಲಿ ಆಗದಿದ್ದರೆ ಬರೆದು ತೋರಿಸಲಿ’ ಎಂಬ ಉಪಾಯ ಬಹಳ ಸಲ ನಡೆಯುವುದಿಲ್ಲ. ಜಾಣತನ, ನೆನಪು, ಮುಖ ಗುರುತಿಸುವುದು, ಯಾರು ತನ್ನನ್ನು ಹಗುರವಾಗಿ ಕಾಣುತ್ತಿದ್ದಾರೆ ಎಂಬ ಅರಿವು, ಇವೆಲ್ಲ ಸಾಮಾನ್ಯವಾಗಿ ಉಳಿದಿರುತ್ತವೆ.

ನಾಲಿಗೆಗೆ ಬಜೆ ತೇಯ್ದು ತಿಕ್ಕುವುದರಿಂದ ಇದು ಸರಿಹೋಗುವುದಿಲ್ಲ. ತೊಂದರೆ ಇರುವುದು ಮೆದುಳಿನ ಭಾಷೆಯ ಭಾಗದಲ್ಲಿ, ನಾಲಿಗೆಯಲ್ಲಿ ಅಲ್ಲ. ಸ್ಟ್ರೋಕ್ ಆದಾಗ ಬೆರಳ ತುದಿಗೆ ಸೂಜಿ ಚುಚ್ಚಿ ಎಂದು ಹೇಳುವ ಇನ್ನೊಂದು ಫಾರ್ವರ್ಡ್ ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ದಯವಿಟ್ಟು ಅದನ್ನು ಅಳಿಸಿಹಾಕಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಾತು ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು, ಅದು ಮುನ್ಸೂಚನೆ.

ಇನ್ನೊಂದು ಮಾತು. ಸ್ಟ್ರೋಕ್ ಇಲ್ಲದೆ, ತಿಂಗಳುಗಟ್ಟಲೆ ನಿಧಾನವಾಗಿ ಪದಗಳು ಕಳೆದುಹೋಗುತ್ತಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್‌ಗೆ ಅಫೇಸಿಯಾ ಎಂದು 2022ರಲ್ಲಿ ಕುಟುಂಬ ತಿಳಿಸಿತು. 2023ರಲ್ಲಿ ಅದು ಒಂದು ಬಗೆಯ ಡಿಮೆನ್ಶಿಯಾ ಎಂದು ಗೊತ್ತಾಯಿತು. ಇಂಥದ್ದಕ್ಕೆ ನರರೋಗ ತಜ್ಞರನ್ನು ಕಾಣಬೇಕು.

*ಹಾಡು ಬರುತ್ತದೆ, ಮಾತು ಬರುವುದಿಲ್ಲ*

ಮನೆಯವರನ್ನು ಬೆರಗುಗೊಳಿಸುವ ಸಂಗತಿ ಇದು. ‘ನೀರು’ ಎಂದು ಕೇಳಲಾಗದವರು ದೇವರ ಮುಂದೆ ನಿಂತು ಬಾಲ್ಯದಲ್ಲಿ ಕಲಿತ ಶ್ಲೋಕ ಪೂರ್ತಿ ಹೇಳಿಬಿಡುತ್ತಾರೆ. ಒಂದರಿಂದ ಹತ್ತು ಎಣಿಸುತ್ತಾರೆ. ಬೈಗುಳ ಕೂಡ ಸ್ಪಷ್ಟವಾಗಿ ಬರಬಹುದು. ಜೀವನದಲ್ಲಿ ಕೆಟ್ಟ ಮಾತು ಆಡದ ಅಜ್ಜನ ಬಾಯಲ್ಲಿ ಅದನ್ನು ಕೇಳಿ ಸೊಸೆ ಕಂಗಾಲಾಗಬೇಕಿಲ್ಲ. ತಾನಾಗಿ ಉರುಳುವ ಮಾತು ಮತ್ತು ಯೋಚಿಸಿ ಜೋಡಿಸುವ ಮಾತು ಮೆದುಳಿನಲ್ಲಿ ಒಂದೇ ದಾರಿಯಲ್ಲಿ ಬರುವುದಿಲ್ಲ, ಅಷ್ಟೆ.

ಇದನ್ನು ಕಂಡವರು ಹಿಂದೆಯೂ ಇದ್ದರು. 1745ರಲ್ಲಿ ಸ್ವೀಡನ್ನಿನ ಓಲೋಫ್ ಡಾಲಿನ್ ಮಾತು ಕಳೆದುಕೊಂಡ ಒಬ್ಬನ ಬಗ್ಗೆ ಬರೆದ. ಕಾಯಿಲೆಗೆ ಮೊದಲು ಕಲಿತಿದ್ದ ದೇವರ ಹಾಡುಗಳನ್ನು ಅವನು ಸ್ಪಷ್ಟವಾಗಿ ಹಾಡುತ್ತಿದ್ದ. ಆದರೆ ಶುರುವಿನಲ್ಲಿ ಇನ್ನೊಬ್ಬರು ಜೊತೆಗೂಡಿ ಎತ್ತಿಕೊಡಬೇಕಿತ್ತು. ನಮ್ಮ ಭಜನೆಯಲ್ಲಿ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಬೇಕಾದದ್ದು ಅದೇ.

2006ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಎಂಟು ಮಂದಿ ಅಫೇಸಿಯಾ ಇದ್ದವರನ್ನು ಪರೀಕ್ಷಿಸಿದರು. ಒಬ್ಬರೇ ಹಾಡಿದಾಗ ಮಾತಿಗಿಂತ ಹೆಚ್ಚಿನ ಪದಗಳೇನೂ ಬರಲಿಲ್ಲ. ಇನ್ನೊಂದು ದನಿಯ ಜೊತೆ ಸೇರಿ ಹಾಡಿದಾಗ ಹೆಚ್ಚು ಪದಗಳು ಬಂದವು. ಅಂದರೆ ಬರೀ ರಾಗ ಇದ್ದರೆ ಸಾಲದು, ಜೊತೆಗೆ ಜನ ಬೇಕು. ಮನೆಯಲ್ಲಿ ಮೊಬೈಲಿನಲ್ಲಿ ಭಕ್ತಿಗೀತೆ ಹಾಕಿಟ್ಟು ಹೋಗುವುದಕ್ಕೂ ಹತ್ತು ಮಂದಿಯ ನಡುವೆ ಕೂರಿಸಿಕೊಂಡು ಹಾಡುವುದಕ್ಕೂ ವ್ಯತ್ಯಾಸ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಾಡಿದರೆ ಮಾತು ವಾಪಸ್ ಬಂದೇಬಿಡುತ್ತದೆ ಎಂದು ತೋರಿಸುವ ವಿಡಿಯೋಗಳನ್ನು ಪೂರ್ತಿ ನಂಬಬೇಡಿ. ಕಂಠಪಾಠವಾದ ಹಾಡು ಹಾಡುವುದು ಬೇರೆ, ‘ನನಗೆ ಎದೆ ನೋಯುತ್ತಿದೆ’ ಎಂದು ಹೇಳುವುದು ಬೇರೆ. ರಾಗದ ಮೂಲಕ ದಿನಬಳಕೆಯ ಮಾತಿಗೆ ತರುವ ಒಂದು ಚಿಕಿತ್ಸಾ ಕ್ರಮವನ್ನು 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪಿಸಿದರು. ಅದನ್ನು ಕಲಿತ ಸ್ಪೀಚ್ ಥೆರಪಿಸ್ಟ್ ಹಂತಹಂತವಾಗಿ ಮಾಡಿಸಬೇಕು, ಎಲ್ಲರಿಗೂ ಅದು ಹೊಂದುವುದೂ ಇಲ್ಲ. ಭಜನೆ ಚಿಕಿತ್ಸೆಗೆ ಬದಲಿ ಅಲ್ಲ. ಹಾಗಾದರೆ ಭಜನೆ ಯಾಕೆ? ಮನುಷ್ಯ ಮತ್ತೆ ಮಂದಿಯ ನಡುವೆ ಬಂದು ಕೂರಲಿಕ್ಕೆ. ಅದು ಚಿಕ್ಕ ವಿಷಯ ಅಲ್ಲ.

*ಯಾವ ಭಾಷೆಯಲ್ಲಿ ಚಿಕಿತ್ಸೆ?*

ಊರಲ್ಲಿ ಇರುವವರಿಗೆ ಇಲ್ಲದ ತೊಡಕು ನಮಗಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬಿಜಾಪುರದ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. ತರಕಾರಿಯವನ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಇಷ್ಟೆಲ್ಲ ಭಾಷೆ ಬಲ್ಲವರಿಗೆ ಅಫೇಸಿಯಾ ಆದರೆ ಯಾವುದು ಉಳಿಯುತ್ತದೆ? ಹೆಚ್ಚಿನವರಲ್ಲಿ ಎಲ್ಲ ಭಾಷೆಗಳಿಗೂ ಹೆಚ್ಚುಕಡಿಮೆ ಒಂದೇ ರೀತಿ ಪೆಟ್ಟು ಬಿದ್ದು, ಒಟ್ಟೊಟ್ಟಿಗೆ ಸುಧಾರಿಸುತ್ತವೆ. ಕೆಲವರಲ್ಲಿ ಹಾಗಾಗುವುದಿಲ್ಲ. ಫ್ರಾನ್ಸಿನ ರಿಬೋ 1881ರಲ್ಲಿ ಮೊದಲು ಕಲಿತ ಭಾಷೆ ಗಟ್ಟಿಯಾಗಿ ಉಳಿಯುತ್ತದೆ ಎಂದ. 1895ರಲ್ಲಿ ಪಿತ್ರ್ ಎಂಬವನು, ಇಲ್ಲ, ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದ. ಇಬ್ಬರ ಮಾತೂ ಎಲ್ಲರಿಗೂ ಹೊಂದುವುದಿಲ್ಲ ಎಂದು ಈಗ ಗೊತ್ತು.

ಇದರಿಂದ ಮನೆಯಲ್ಲಿ ಏನಾಗುತ್ತದೆ ನೋಡಿ. ಅಜ್ಜಿಗೆ ಕನ್ನಡದ ನಾಲ್ಕು ಪದ ಮರಳಿದೆ. ಮೊಮ್ಮಗಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಮಾತ್ರ ಬರುತ್ತದೆ. ಥೆರಪಿಸ್ಟ್ ಮರಾಠಿಯಲ್ಲಿ ಚಿತ್ರ ತೋರಿಸಿ ‘ಹೇ ಕಾಯ್?’ ಎಂದು ಕೇಳುತ್ತಾರೆ. ಅಜ್ಜಿ ‘ಸೌಟು’ ಎಂದರೆ ಅದು ತಪ್ಪು ಉತ್ತರವಾಗಿ ದಾಖಲಾಗಬಹುದು. ಆದ್ದರಿಂದ ಪರೀಕ್ಷೆಯ ದಿನ ಕನ್ನಡ ಅಥವಾ ತುಳು ಬಲ್ಲವರೊಬ್ಬರು ಜೊತೆಗೆ ಕೂರಲೇಬೇಕು. ಯಾವ ಭಾಷೆ ಯಾರ ಜೊತೆ, ಎಷ್ಟು ಬಳಸುತ್ತಿದ್ದರು, ಯಾವುದರಲ್ಲಿ ಓದುತ್ತಿದ್ದರು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಮನೆಯಲ್ಲಿ ಯಾವ ಭಾಷೆ ಆಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ನಿಮ್ಮ ಜೊತೆ ಯಾವ ಭಾಷೆ ಆಡುತ್ತಿದ್ದರೋ ಅದನ್ನೇ ಆಡಿ. ಒಂದು ಮಾತಿಗೆ ಎರಡು ಭಾಷೆ ಬೆರೆತು ಬಂದರೆ ತಿದ್ದಬೇಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ಅಫೇಸಿಯಾ ಅಳೆಯುವ ಪರೀಕ್ಷೆಯ ಕನ್ನಡ ರೂಪವನ್ನೂ ಕನ್ನಡದಲ್ಲೇ ಚಿಕಿತ್ಸೆ ಮಾಡಿಸುವ ಕೈಪಿಡಿಯನ್ನೂ ಸಿದ್ಧಪಡಿಸಿದೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಕನ್ನಡದಲ್ಲಿ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬಂದರೆ ಇಲ್ಲಿಯ ಥೆರಪಿಸ್ಟ್‌ಗೂ ದಾರಿ ಸಿಗುತ್ತದೆ. ಮಂಗಳೂರು, ಮಣಿಪಾಲ, ಧಾರವಾಡ, ಬೆಂಗಳೂರಿನಲ್ಲೂ ವಾಕ್ ಚಿಕಿತ್ಸೆಯ ವಿಭಾಗ, ಕಾಲೇಜುಗಳಿವೆ. ಇಲ್ಲಿಯೇ ಎಂದರೆ ಬಾಂದ್ರಾ ರಿಕ್ಲಮೇಶನ್‌ನಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಮುಂಬೈ ಸೆಂಟ್ರಲ್ ಹತ್ತಿರದ ನಾಯರ್ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿ ವಿಭಾಗ ಇದೆ. ಕಲ್ಯಾಣದಿಂದ ಅಲ್ಲಿಗೆ ವಾರಕ್ಕೆರಡು ಸಲ ಹೋಗಿಬರುವುದು ಸುಲಭದ ಮಾತಲ್ಲ, ಗೊತ್ತು. ಒಮ್ಮೆ ಹೋಗಿ, ಮನೆಯಲ್ಲಿ ಮಾಡಿಸಬೇಕಾದ್ದನ್ನು ಕಲಿತು ಬನ್ನಿ, ವಿಡಿಯೋ ಕಾಲ್ ಮೂಲಕ ಮುಂದುವರಿಸಬಹುದೇ ಎಂದು ಕೇಳಿ. ಚಿಕಿತ್ಸೆಯಿಂದ ಉಪಯೋಗ ಇದೆಯೇ ಎಂಬ ಸಂಶಯ ಇದ್ದವರಿಗಾಗಿ: 2016ರ ಕಾಕ್ರೇನ್ ಪರಿಶೀಲನೆ 57 ಅಧ್ಯಯನಗಳನ್ನು, 3,002 ರೋಗಿಗಳನ್ನು ಒಟ್ಟು ನೋಡಿ, ಇದೆ ಎಂದಿದೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಬೇಗ, ಆಮೇಲೆ ನಿಧಾನ. ಆದರೆ ವರ್ಷಗಳ ನಂತರವೂ ಹೊಸ ಪದಗಳು ಬರುವುದುಂಟು. ಆ ಮೊದಲ ತಿಂಗಳುಗಳನ್ನು ಬರೀ ಎಣ್ಣೆ ತಿಕ್ಕಿಸುವುದರಲ್ಲಿ ಕಳೆಯಬೇಡಿ.

ಥೆರಪಿಸ್ಟ್ ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತು ಕನ್ನಡ ಕಿವಿಗೆ ಬೀಳುವ ಜಾಗ ಎಲ್ಲಿ? ಕಟ್ಟಡದಲ್ಲಿ ಇಲ್ಲ, ಮಾರ್ಕೆಟ್ಟಿನಲ್ಲಿ ಇಲ್ಲ. ಅದು ಇರುವುದು ನಮ್ಮ ಸಂಘಗಳಲ್ಲಿ, ಭಜನಾ ಮಂಡಳಿಗಳಲ್ಲಿ, ಶನಿಗ್ರಂಥ ಪಾರಾಯಣದಲ್ಲಿ, ಯಕ್ಷಗಾನದಲ್ಲಿ. ಡೊಂಬಿವಲಿಯ ಕರ್ನಾಟಕ ಸಂಘ, ವಾಶಿಯ ಕನ್ನಡ ಸಂಘ, ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘ, ಜಾತಿ ಸಂಘಟನೆಗಳು, ದೇವಸ್ಥಾನಗಳು, ಎಷ್ಟೊಂದು ಇವೆ. ಊರಿನವರಿಗೆ ಸಂಘ ಎಂದರೆ ಮನರಂಜನೆ ಇರಬಹುದು. ಮಾತು ಕಳೆದುಕೊಂಡ ವಲಸೆ ಕನ್ನಡಿಗರಿಗೆ ತಮ್ಮ ಭಾಷೆ ಸುತ್ತಲೂ ಕೇಳಿಸುವ ಒಂದೇ ಜಾಗ ಅದು. ಅಲ್ಲಿಂದಲೂ ಅವರನ್ನು ಬಿಟ್ಟರೆ ಇನ್ನೆಲ್ಲಿಗೆ ಹೋಗಬೇಕು?

*ಭಜನೆಯಲ್ಲಿ ಏನು ಬದಲಾಗಬೇಕು*

ಬಹಳ ಏನೂ ಇಲ್ಲ. ಮೊದಲನೆಯದು ಕೂರುವ ಜಾಗ. ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತಿಥಿಯಂತೆ ಕೂರಿಸಬೇಡಿ. ಹಾಡುವವರ ನಡುವೆ, ಎತ್ತಿಕೊಡುವವರ ಬಾಯಿ ಕಾಣುವಂತೆ ಕೂರಿಸಿ. ನೆಲದಲ್ಲಿ ಕೂರಲಾಗದಿದ್ದರೆ ಇನ್ನಿಬ್ಬರೂ ಕುರ್ಚಿಯಲ್ಲಿ ಕೂರಲಿ, ಮಂಡಿನೋವಿನವರು ಹೇಗೂ ಇದ್ದೇ ಇರುತ್ತಾರೆ. ಅವರಿಗೆ ಮೊದಲಿನಿಂದ ಗೊತ್ತಿದ್ದ ಹಾಡು ಯಾವುವು ಎಂದು ಮನೆಯವರಿಂದ ಪಟ್ಟಿ ತರಿಸಿ. ಹೊಸ ಸಿನಿಮಾ ಧಾಟಿಯ ಭಕ್ತಿಗೀತೆ ಬೇಡ, ಅಮ್ಮ ಹೇಳಿಕೊಟ್ಟ ದಾಸರ ಪದ ಬೇಕು. ಲಯ ಸ್ವಲ್ಪ ನಿಧಾನವಾಗಲಿ, ಪಲ್ಲವಿ ಇನ್ನೆರಡು ಸಲ ಬರಲಿ. ಬಲಗೈ ಸೋತಿದ್ದರೆ ತಾಳ ಹಿಡಿಯಲಾಗದು ಎಂದಲ್ಲ. ಎಡಗೈಯಲ್ಲಿ ತೊಡೆ ತಟ್ಟಬಹುದು, ಗೆಜ್ಜೆ ಕಟ್ಟಿದ ಪಟ್ಟಿ ಆಡಿಸಬಹುದು. ತಾಳ ತಟ್ಟುವುದರಿಂದ ಪದ ಎತ್ತಲು ಕೆಲವರಿಗೆ ಆಸರೆಯೂ ಆಗುತ್ತದೆ.

ಮೈಕ್ ಕೈಗೆ ಕೊಡಬೇಡಿ. ‘ನೀವೊಂದು ಹಾಡಿ’ ಎಂದು ಎಬ್ಬಿಸಬೇಡಿ. ಅವರು ಹಾಡಿದರೆ ‘ಅಬ್ಬಾ, ಹಾಡಿದರು!’ ಎಂದು ಚಪ್ಪಾಳೆ ತಟ್ಟಬೇಡಿ, ಅವರು ಮಗು ಅಲ್ಲ. ಮುಖ್ಯವಾಗಿ, ಕಣ್ಣೀರು ಸುರಿಸುತ್ತ ಹಾಡುವುದನ್ನು ವಿಡಿಯೋ ಮಾಡಿ ಗುಂಪಿಗೆ ಹಾಕಬೇಡಿ. ಬೇಡ ಎಂದು ಹೇಳಲಾಗದವರ ವಿಡಿಯೋ ಅದು. ಸ್ಟ್ರೋಕ್ ಆದವರಿಗೆ ಕೆಲವೊಮ್ಮೆ ಅಳು, ನಗು ತಡೆಯಲಾಗದೆ ಬರುತ್ತದೆ. ಬಂದರೆ ಗಾಬರಿ ಬೇಡ, ಹಾಡು ಮುಂದುವರಿಸಿ, ನೀರು ಕೊಡಿ.

ಆಯಾಸ ಬೇಗ ಆಗುತ್ತದೆ. ಮುಕ್ಕಾಲು ಗಂಟೆ ಸಾಕು, ಮಂಗಳಾರತಿಯವರೆಗೆ ಕೂರಲೇಬೇಕೆಂಬ ಕಟ್ಟುಪಾಡು ಬೇಡ. ಪಾರಾಯಣದಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ನಮ್ಮ ಪದ್ಧತಿ ಇವರಿಗೆ ಹೇಳಿಮಾಡಿಸಿದಂತಿದೆ: ಒಂದೇ ವಿಷಯ ಎರಡು ಸಲ, ಎರಡು ರೀತಿಯಲ್ಲಿ, ಬಿಡುವು ಕೊಟ್ಟು ಬರುತ್ತದೆ. ಅರ್ಥ ಹೇಳುವವರು ವಾಕ್ಯ ಚಿಕ್ಕದು ಮಾಡಿದರೆ ಇನ್ನೂ ಒಳ್ಳೆಯದು.

*ಯಕ್ಷಗಾನ, ನಾಟಕ, ಸಭೆ*

ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬೈಗೆ ಬರುತ್ತವೆ. ಅಫೇಸಿಯಾ ಇದ್ದವರನ್ನು ಯಾವ ಆಟಕ್ಕೆ ಕರೆದುಕೊಂಡು ಹೋಗಬಹುದು ಎಂದು ಕೇಳಿದರೆ ಯಕ್ಷಗಾನಕ್ಕೆ ಎಂದು ಧೈರ್ಯವಾಗಿ ಹೇಳುತ್ತೇನೆ. ಕಥೆ ಚಿಕ್ಕಂದಿನಿಂದ ಗೊತ್ತು. ಕಿರೀಟ, ಬಣ್ಣ ನೋಡಿದರೆ ರಾಜನೋ ರಾಕ್ಷಸನೋ ತಿಳಿಯುತ್ತದೆ. ಭಾಗವತರು ಹಾಡಿದ್ದನ್ನೇ ಪಾತ್ರಧಾರಿ ಕುಣಿದು ತೋರಿಸುತ್ತಾನೆ, ಮತ್ತೆ ಮಾತಿನಲ್ಲಿ ಹೇಳುತ್ತಾನೆ. ಒಂದು ಮಾತು ತಪ್ಪಿದರೂ ಕಥೆ ತಪ್ಪುವುದಿಲ್ಲ. ಚೆಂಡೆಯ ಸದ್ದು ಕೆಲವರಿಗೆ ಹಿಂಸೆಯಾಗಬಹುದು, ಹಿಂದಿನ ಸಾಲಿನಲ್ಲಿ, ದಾರಿ ಪಕ್ಕದ ಸೀಟು ಹಿಡಿಯಿರಿ. ಮೂರು ಗಂಟೆಯ ಕಾಲಮಿತಿ ಆಟ ಸಾಕು. ತಾಳಮದ್ದಳೆ ಮಾತ್ರ ಕಷ್ಟ, ಅಲ್ಲಿ ವಾದವೇ ಎಲ್ಲ. ಅರ್ಥಗಾರಿಕೆ ಮಾಡುತ್ತಿದ್ದವರಿಗೇ ಅಫೇಸಿಯಾ ಆಗಿದ್ದರೆ ಅದು ದೊಡ್ಡ ದುಃಖ, ಸುಳ್ಳು ಸಮಾಧಾನ ಹೇಳಬೇಡಿ. ಆದರೆ ಚಕ್ರತಾಳ, ಚೌಕಿಯಲ್ಲಿ ವೇಷ ಕಟ್ಟುವ ಕೆಲಸ, ಮಕ್ಕಳ ಹೆಜ್ಜೆ ಸರಿಯಿದೆಯೇ ಎಂದು ನೋಡುವುದು, ಇವಕ್ಕೆ ಮಾತು ಬೇಕಿಲ್ಲ.

ಹಾಸ್ಯ ನಾಟಕದಲ್ಲಿ ಪಟಪಟನೆ ಬರುವ ಮಾತಿಗೆ ನಗು ಹುಟ್ಟುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತದೆ. ಅಂಥದ್ದಕ್ಕೆ ಮೊದಲೇ ಒಂದು ಹಾಳೆ ಕೊಡಿ: ಪಾತ್ರಧಾರಿಗಳ ಫೋಟೋ, ಅದರ ಕೆಳಗೆ ಪಾತ್ರದ ಹೆಸರು, ಕಥೆ ಆರು ಚಿಕ್ಕ ವಾಕ್ಯಗಳಲ್ಲಿ, ದಪ್ಪ ಅಕ್ಷರದಲ್ಲಿ. ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರವಿರಲಿ, ಥಾಣೆಯ ಗಡ್ಕರಿ ರಂಗಾಯತನವಿರಲಿ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹವಿರಲಿ, ಸಭಾಗೃಹ ಬಾಡಿಗೆ ಹಿಡಿಯುವ ಸಂಘಕ್ಕೆ ಈ ಹಾಳೆಯ ಖರ್ಚು ಲೆಕ್ಕಕ್ಕೇ ಇಲ್ಲ. ಮತ್ತು, ಹೇಳಿದರೆ ಬೇಸರ ಮಾಡಿಕೊಳ್ಳಬಾರದು, ಸ್ವಾಗತ, ಪ್ರಾಸ್ತಾವಿಕ, ಶಾಲು ಹೊದಿಸುವುದು ಸೇರಿ ಒಂದೂವರೆ ಗಂಟೆ ಆಗುವುದನ್ನು ಅರ್ಧಕ್ಕಿಳಿಸಿದರೆ ಅಫೇಸಿಯಾ ಇಲ್ಲದವರೂ ಹರಸುತ್ತಾರೆ.

ಆಮಂತ್ರಣದ ಚಿತ್ರದಲ್ಲಿ ಇಪ್ಪತ್ತು ಗಣ್ಯರ ಹೆಸರಿನ ನಡುವೆ ತಾರೀಕು ಹುಡುಕುವುದು ನಮಗೇ ಕಷ್ಟ. ಓದು ಕಷ್ಟವಾದವರಿಗೆ ಬೇರೆ ಒಂದು ಕಳಿಸಿ: ಏನು, ಯಾವಾಗ, ಎಲ್ಲಿ, ಯಾರು ಕರೆದುಕೊಂಡು ಹೋಗುತ್ತಾರೆ, ನಾಲ್ಕೇ ಸಾಲು, ಜೊತೆಗೆ ಜಾಗದ ಫೋಟೋ, ಇಪ್ಪತ್ತು ಸೆಕೆಂಡಿನ ದನಿ. ದನಿಯನ್ನು ಎಷ್ಟು ಸಲ ಬೇಕಾದರೂ ಕೇಳಬಹುದು. ಮಹಾಸಭೆಯ ವಿಷಯವನ್ನು ಹಿಂದಿನ ದಿನವೇ ಹೀಗೆ ತಿಳಿಸಿ, ಕೈ ಎತ್ತಿ ಮತ ಕೊಡಲು ಬಿಡಿ. ಮಾತು ಹೋದರೆ ಸದಸ್ಯತ್ವ ಹೋಗುವುದಿಲ್ಲ.

*ಮಾತಾಡಿಸುವುದು ಹೇಗೆ*

ಕೆನಡಾದ ಟೊರಾಂಟೋದಲ್ಲಿ 1979ರಲ್ಲಿ ಪ್ಯಾಟ್ ಅರಾಟೋ ಎಂಬ ಮಹಿಳೆ, ಸ್ಟ್ರೋಕ್‌ನಿಂದ ಮಾತು ಕಳೆದುಕೊಂಡ ಗಂಡನಿಗೆ ಆಸ್ಪತ್ರೆಯ ಚಿಕಿತ್ಸೆಯ ಆಚೆ ಏನೂ ಇಲ್ಲ ಎಂದು ಕಂಡು, ಇಂಥವರು ಸೇರುವ ಒಂದು ಕೇಂದ್ರ ಶುರುಮಾಡಿದರು. ಈಗಿನ ಅಫೇಸಿಯಾ ಇನ್‌ಸ್ಟಿಟ್ಯೂಟ್ ಅದೇ. ಅಲ್ಲಿಯ ಔರಾ ಕೇಗನ್ ರೂಪಿಸಿದ ಕ್ರಮದಲ್ಲಿ ತರಬೇತಿ ಎದುರಿನವರಿಗೆ. ಅಂದರೆ ನಮಗೆ. ಅದರ ಬುನಾದಿ ಒಂದು ಮಾತು: ನಿಮಗೆ ಗೊತ್ತಿದೆ ಎಂದು ನನಗೆ ಗೊತ್ತು. ಪದ ಸಿಗದೆ ಒದ್ದಾಡುವಾಗ ಇದನ್ನು ಬಾಯಿಬಿಟ್ಟು ಹೇಳಬೇಕು. ‘ಮಾಮಾ, ನಿಮಗೆ ಗೊತ್ತಿದೆ, ಪದ ಬರ್ತಿಲ್ಲ ಅಷ್ಟೆ. ಅವಸರ ಇಲ್ಲ.’

ನಂತರ ಸುಮ್ಮನಿರಬೇಕು. ಹತ್ತು ಎಣಿಸುವಷ್ಟು ಹೊತ್ತು. ನಮ್ಮ ಮಂದಿಗೆ ಇದೇ ಬಹಳ ಕಷ್ಟ. ಮಿಕ್ಸರ್, ಟಿವಿ ಬಂದ್ ಮಾಡಿ, ಎದುರಿಗೆ ಕೂತು, ಒಬ್ಬೊಬ್ಬರೇ ಮಾತಾಡಿ. ಕಿವಿ ಕೇಳದವರಿಗೆ ಎಂಬಂತೆ ಕಿರುಚಬೇಡಿ. ‘ಏನು ತಗೊಳ್ತೀರಿ?’ ಎನ್ನುವ ಬದಲು ಎರಡು ಲೋಟ ತೋರಿಸಿ ‘ಭಾವ, ಕಾಫಿಯಾ, ಚಹಾನಾ?’ ಎನ್ನಿ. ಊರಿನ ವಿಷಯ ಬಂದಾಗ ನಕಾಶೆ, ಹಳೇ ಆಲ್ಬಂ, ಕ್ಯಾಲೆಂಡರ್ ಮುಂದಿಡಿ, ಬೆರಳಿಟ್ಟು ತೋರಿಸಲಿ. ತಿಳಿಯದೆ ‘ಹೂಂ ಹೂಂ’ ಎನ್ನಬೇಡಿ, ಸಿಕ್ಕಿಬೀಳುತ್ತೀರಿ. ‘ನಾನು ತಿಳಿದದ್ದು ಇಷ್ಟು, ಸರಿಯಾ?’ ಎಂದು ಕೇಳಿ. ಇಲ್ಲಿ ಇನ್ನೊಂದು ತಮಾಷೆ ಇದೆ. ನಾವು ದಕ್ಷಿಣದವರು ತಲೆಯನ್ನು ಅತ್ತಿತ್ತ ಆಡಿಸಿ ‘ಹೌದು’ ಎನ್ನುತ್ತೇವೆ, ಆಸ್ಪತ್ರೆಯ ನರ್ಸ್ ಅದನ್ನು ‘ಬೇಡ’ ಎಂದುಕೊಳ್ಳಬಹುದು. ಹೆಬ್ಬೆರಳು ಮೇಲೆ, ಕೆಳಗೆ ಎಂಬ ಗುರುತನ್ನು ರೂಢಿಸಿ.

ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಇಂಥ ಹೆಂಗಸರನ್ನು ಬಿಟ್ಟು ಕರೆಯುವ ಪದ್ಧತಿ ಬೇಡ. ‘ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ’ ಎಂಬುದು ವರ್ಷವರ್ಷವೂ ಹೇಳಿ ಬಾಯಿಗೆ ಅಂಟಿದ ಮಾತು. ಬೇರೆ ಮರಾಠಿ ಹೋಗಿದ್ದರೂ ಅದೊಂದು ಪೂರ್ತಿಯಾಗಿ ಹೊರಬರಬಹುದು. ಬರದಿದ್ದರೆ ಎಳ್ಳುಂಡೆ ಕೈಗಿಟ್ಟರೆ ಆಯಿತು.

ಮಾತಿಲ್ಲದೆ ಕಲೆ ಉಳಿದ ದೊಡ್ಡವರ ನೆನಪು ಇಲ್ಲಿ ಬರುತ್ತದೆ. ರಷ್ಯಾದ ಸಂಗೀತ ರಚನಕಾರ ಶೆಬಾಲಿನ್‌ಗೆ 1953 ಮತ್ತು 1959ರಲ್ಲಿ ಸ್ಟ್ರೋಕ್ ಆಗಿ ಮಾತು, ಗ್ರಹಿಕೆ ಎರಡೂ ಕುಸಿದವು. 1962ರಲ್ಲಿ ಆತ ತನ್ನ ಐದನೇ ಸಿಂಫನಿ ಬರೆದ. ಸ್ವೀಡನ್ನಿನ ಕವಿ ಟ್ರಾನ್‌ಸ್ಟ್ರೋಮರ್‌ಗೆ 1990ರಲ್ಲಿ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಹೋಯಿತು. ಎಡಗೈ ಒಂದರಲ್ಲೇ ಪಿಯಾನೋ ನುಡಿಸುತ್ತಿದ್ದ, ಕವಿತೆಯನ್ನೂ ಬಿಡಲಿಲ್ಲ, 2011ರಲ್ಲಿ ನೊಬೆಲ್ ಬಂತು. ಎಲ್ಲರೂ ಹಾಗಾಗುವುದಿಲ್ಲ. ಆದರೆ ಇಬ್ಬರ ಪಕ್ಕದಲ್ಲೂ ಅವರ ಕಲೆಯನ್ನು ಮುಗಿಯಿತೆಂದು ತೀರ್ಮಾನಿಸದ ಮಂದಿ ಇದ್ದರು.

*ಕಾನೂನಿನಲ್ಲಿ ಹೆಸರಿದೆ*

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮಾತು ಮತ್ತು ಭಾಷೆಯ ವೈಕಲ್ಯದ ವಿವರಣೆಯಲ್ಲಿ ಅಫೇಸಿಯಾದ ಹೆಸರು ನೇರವಾಗಿ ಇದೆ. ತೊಂದರೆ ಶಾಶ್ವತ ಎಂದು ತಜ್ಞರು ಹೇಳಿದರೆ ಸರ್ಕಾರಿ ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಪಡೆಯಬಹುದು. ಬಹುತೇಕ ಸೌಲಭ್ಯಗಳಿಗೆ 40 ಪ್ರತಿಶತ ಅಥವಾ ಹೆಚ್ಚಿನ ವೈಕಲ್ಯ ಇರಬೇಕು. ಅದೇ ಕಾಯ್ದೆಯ 29ನೇ ಕಲಮು ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಂತೆ ಪಾಲ್ಗೊಳ್ಳುವ ಹಕ್ಕನ್ನು ಕಾಪಾಡುವ ಕೆಲಸವನ್ನು ಸರ್ಕಾರ ಮತ್ತು ಸ್ಥಳೀಯ ಆಡಳಿತಕ್ಕೆ ವಹಿಸಿದೆ. ಮಹಾನಗರ ಪಾಲಿಕೆಯ ನಾಟ್ಯಗೃಹದಲ್ಲಿ ಇಂಥವರಿಗೆ ಅನುಕೂಲ ಕೇಳುವಾಗ ಈ ಕಲಮಿನ ಸಂಖ್ಯೆ ಅರ್ಜಿಯಲ್ಲಿ ಬರೆಯಿರಿ.

ಜೇಬಿನಲ್ಲಿ ಒಂದು ಚೀಟಿ ಇರಲಿ, ಕನ್ನಡ, ಮರಾಠಿ, ಹಿಂದಿಯಲ್ಲಿ: ‘ನನಗೆ ಸ್ಟ್ರೋಕ್ ಆಗಿದೆ. ಮಾತು ಕಷ್ಟ. ನಿಧಾನವಾಗಿ ಹೇಳಿದರೆ ಅರ್ಥವಾಗುತ್ತದೆ. ಈ ನಂಬರಿಗೆ ಫೋನ್ ಮಾಡಿ.’ ಲೋಕಲ್‌ನಲ್ಲಿ, ಸ್ಟೇಷನ್ನಿನಲ್ಲಿ ತೊದಲಿದರೆ ಕುಡಿದಿದ್ದಾರೆ ಎಂದುಕೊಳ್ಳುವವರಿದ್ದಾರೆ.

ಮನೆಯಲ್ಲಿ ನೋಡಿಕೊಳ್ಳುವವರನ್ನೂ ಮರೆಯಬೇಡಿ. ಹೆಚ್ಚಾಗಿ ಅದು ಹೆಂಡತಿ ಅಥವಾ ಸೊಸೆ. ಅವರ ಮಾತು ಬಂದ್ ಆದ ದಿನದಿಂದ ಇವರ ಸಂಘವೂ ಬಂದ್ ಆಗಿರುತ್ತದೆ. ಸ್ಟ್ರೋಕ್ ಆದವರಲ್ಲಿ ಖಿನ್ನತೆ ಸಾಮಾನ್ಯ, ನೋಡಿಕೊಳ್ಳುವವರಲ್ಲೂ ಕಡಿಮೆ ಏನಿಲ್ಲ. ಅದಕ್ಕೂ ಔಷಧ, ಚಿಕಿತ್ಸೆ ಇದೆ, ವೈದ್ಯರಲ್ಲಿ ಹೇಳಿ.

ಸಂಘದ ಪದಾಧಿಕಾರಿಗಳು ಈ ಬರಹ ಓದುತ್ತಿದ್ದರೆ ಒಂದು ಕೆಲಸ ಮಾಡಿ. ಸದಸ್ಯರ ಪಟ್ಟಿ ತೆಗೆದು, ಸ್ಟ್ರೋಕ್ ಆದಮೇಲೆ ಬರುವುದನ್ನು ನಿಲ್ಲಿಸಿದವರ ಹೆಸರಿಗೆ ಗುರುತು ಹಾಕಿ. ಒಬ್ಬೊಬ್ಬರಿಗೆ ಪರಿಚಯದ ಒಬ್ಬರನ್ನು ನೇಮಿಸಿ. ಅವರು ಮೊದಲ ಸಲ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರಲಿ. ಎರಡನೇ ಸಲ ರಿಕ್ಷಾ ತಂದು, ಲಿಫ್ಟಿನಿಂದ ಇಳಿಸಿ, ಭಜನೆಗೆ ಕರೆತರಲಿ, ಅದೇ ವ್ಯಕ್ತಿ ವಾಪಸ್ ಬಿಡಲಿ. ಪ್ರತಿ ಸಲ ಹೊಸ ಮುಖ ಬೇಡ. ಮನೆಯವರಿಗೆ ಆ ಒಂದು ಗಂಟೆ ಬಿಡುವು. ಮೊದಲ ದಿನ ಅವರು ಬಾಯಿ ತೆರೆಯದಿರಬಹುದು, ಎರಡನೇ ವಾರವೂ ತೆರೆಯದಿರಬಹುದು. ಮೂರನೇ ವಾರವೂ ರಿಕ್ಷಾ ತನ್ನಿ.

*ಮುಂದಿನ ಕಂತು:* ಸ್ಟ್ರೋಕ್ ನಂತರ ನುಂಗುವ ತೊಂದರೆ. ಗಂಜಿ, ಇಡ್ಲಿ, ನೀರು, ಯಾವುದನ್ನು ಹೇಗೆ ಕೊಡಬೇಕು.